ಅತ್ತೆಯ ಎರಡನೇ ಮಾನಿಟರು

ಖಾಲಿ ಕುರ್ಚಿಗೆ ಪ್ರೂಫ್ ತೋರಿಸಿ, ಅದು ಓದಿ ಮುಗಿಸಲಿ ಎಂದು ಕಾಯುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲದಿದ್ದರೆ ಅಜ್ಜಂಪುರಕ್ಕೆ ಬಂದು ನಮ್ಮ ಸೋದರತ್ತೆಯನ್ನು ನೋಡಿ. ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಕರಪತ್ರ, ತಾಲ್ಲೂಕು ಆಫೀಸಿನ ಅರ್ಜಿ, ಎಲ್ಲವೂ ಅಲ್ಲೇ ಟೈಪಾಗಬೇಕು.

ಕಂಪ್ಯೂಟರು ಒಂದೇ, ಮಾನಿಟರು ಎರಡು. ಎಡಗಡೆಯದು ಹೊಸದು, ಅಗಲ. ಬಲಗಡೆಯದು ಹಳೆಯದು, ಪುಟ್ಟದು. ಎತ್ತಿನ ಜೋಡಿ ಕಟ್ಟುವವರೂ ಇದಕ್ಕಿಂತ ಎತ್ತರ ನೋಡಿ ಕಟ್ಟುತ್ತಾರೆ! ಹಳೆಯದರ ಮುಂದೆ ಒಂದು ಕುರ್ಚಿ, ಅದರ ಮೇಲೊಂದು ದಿಂಬು. ಅತ್ತೆ ಎಡಗಡೆ ಟೈಪ್ ಮಾಡಿ, ಪುಟವನ್ನು ಮೌಸಿನಲ್ಲಿ ಬಲಕ್ಕೆ ಎಳೆದು, ಕೈಕಟ್ಟಿ ಕೂರುತ್ತಾರೆ. ಒಂದೆರಡು ನಿಮಿಷ ಬಿಟ್ಟು ವಾಪಸ್ ಎಳೆದುಕೊಳ್ಳುತ್ತಾರೆ. ಕಂಪ್ಯೂಟರಿಗೆ ದಣಿವಾಗಿರಬೇಕೆಂದು ಗಿರಾಕಿಗಳು ಸುಮ್ಮನಿರುತ್ತಾರೆ.

ಆ ಕುರ್ಚಿ ಟೀಚರದು. ಟೀಚರ್ ಎಂದರೆ ಅತ್ತೆಯ ಬಾಲ್ಯದ ಗೆಳತಿ. ಪ್ರೈಮರಿ ಶಾಲೆಯಿಂದ ನಿವೃತ್ತರಾದ ಮೇಲೆ ಹೊತ್ತು ಹೋಗಲೆಂದು ಪ್ರೂಫ್ ನೋಡಲು ಬರುತ್ತಿದ್ದರು. ಕಣ್ಣು ಸ್ವಲ್ಪ ಮಂದವಾದ್ದರಿಂದ ಅವರ ಮಾನಿಟರಿನಲ್ಲಿ ಅಕ್ಷರ ದಪ್ಪ ಕಾಣುವಂತೆ ಮಾಡಿಸಿದ್ದರು; ದಪ್ಪ ಪರದೆಯ ಮೇಲಷ್ಟೇ, ಅಚ್ಚಿನಲ್ಲಲ್ಲ. ಎಡಗಡೆ ಹೆಸರುಕಾಳಿನಷ್ಟಿದ್ದದ್ದು ಬಲಕ್ಕೆ ದಾಟಿದ ಕೂಡಲೇ ಅವರೆಕಾಳು! ಇಬ್ಬರೂ ದಿನವಿಡೀ ಬೈದಾಡಿಕೊಂಡು, ಒಂದೇ ಡಬ್ಬಿಯಲ್ಲಿ ಮಂಡಕ್ಕಿ ತಿಂದುಕೊಂಡು ಸುಖವಾಗಿದ್ದರು.

ಕೆಡಿಸಿದ್ದು ಒಂದು ಲಗ್ನಪತ್ರಿಕೆ. ವರನ ಕಡೆಯವರ ಹೆಸರಿನ ಪುಟ ಎಡಗಡೆ ತೆರೆದಿತ್ತು, ವಧುವಿನ ಕಡೆಯವರದು ಬಲಗಡೆ. ಬುಕ್ಕಾಂಬುಧಿಯಿಂದ ಬಂದಿದ್ದ ವರನ ತಂದೆ ಎರಡನ್ನೂ ನೋಡಿ, ಹೆಣ್ಣಿನ ಕಡೆಯವರು ಅಷ್ಟು ದಪ್ಪ, ನಾವು ಇಷ್ಟು ಸಣ್ಣ ಏಕೆ ಎಂದು ಕೇಳಿದರು. ಬೀಗತನದ ಮರ್ಯಾದೆಯ ಪ್ರಶ್ನೆಯಲ್ಲವೇ? ಪರದೆಯ ಮೇಲೆ ಎರಡೂ ಸಮನಾಗುವವರೆಗೆ ಅತ್ತೆ ಹೆಣ್ಣಿನ ಕಡೆಯವರನ್ನು ಕುಗ್ಗಿಸುತ್ತಲೇ ಹೋದರು. ಒಂದು ಪ್ರಿಂಟ್ ತೆಗೆದು ನೋಡು ಎಂದು ಟೀಚರ್ ಎರಡು ಸಲ ಹೇಳಿದರೂ ಕೇಳಲಿಲ್ಲ. ಅಚ್ಚಾಗಿ ಬಂದಾಗ ವಧುವಿನ ಬಂಧುಬಳಗವೆಲ್ಲ ಇರುವೆಸಾಲು! ಹೆಣ್ಣಿನ ಸೋದರಮಾವ ಒಂದು ಭೂತಗನ್ನಡಿ ತಂದು ಮೇಜಿನ ಮೇಲಿಟ್ಟು, "ನಮ್ಮಕ್ಕನ್ ಹೆಸ್ರು ಎಲ್ಲೈತೆ, ಹುಡುಕ್ಕೊಡ್ರಮ್ಮ" ಎಂದರಂತೆ.

ತಪ್ಪು ಅತ್ತೆಯದು. ಆದರೆ ಅವಮಾನದಲ್ಲಿ ಅವರು ಟೀಚರ ಕಡೆ ತಿರುಗಿ, ಅಷ್ಟು ಜನರ ಮುಂದೆ ಹೇಳಿಬಿಟ್ಟರು: "ನಿನ್ ಕಣ್ಣು ನೆಟ್ಟಗಿದ್ದಿದ್ರೆ ಈ ಗತಿ ಯಾಕ್ ಬತ್ತಿತ್ತು?"

ಟೀಚರ್ ಕನ್ನಡಕವನ್ನು ಡಬ್ಬಿಯಲ್ಲಿಟ್ಟು, ಕೊಡೆ ತೆಗೆದುಕೊಂಡು ಎದ್ದರು. ತಮ್ಮನ ಮನೆಗೆಂದು ಯಗಟಿಗೆ ಹೋದವರು ಅಲ್ಲೇ ಉಳಿದರು. ಯಗಟಿ ಏನು ಕಾಶಿಯೇ? ಎರಡು ಬಸ್ಸು ಹತ್ತಿಳಿದರೆ ಆಯಿತು. ಆದರೂ ಎರಡು ವರ್ಷ ಒಂದು ಫೋನಿಲ್ಲ. ಮೊದಲು ಯಾರು ಮಾಡಬೇಕೆನ್ನುವುದೇ ತೀರ್ಮಾನವಾಗಿರಲಿಲ್ಲ.

ಮೊನ್ನೆ ಅತ್ತೆ ನನಗೆ ಫೋನ್ ಮಾಡಿ, ಮೌಸಿನ ಬಾಣ ಎರಡು ಮಾನಿಟರಿನ ನಡುವೆ ಸಿಕ್ಕಿಹಾಕಿಕೊಂಡು ಬಲಕ್ಕೆ ದಾಟುತ್ತಿಲ್ಲ ಎಂದರು. ಅಳುವುದೊಂದು ಬಾಕಿ. ನಾನು ಕಡೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಅತ್ತೆಯ ಮಟ್ಟಿಗೆ ಮನೆ ಡಾಕ್ಟರು. ಹೋಗಿ, ಎರಡು ಪರದೆಗಳ ಅಂಚು ಹೊಂದಿಸಿ ಬಾಣಕ್ಕೆ ದಾರಿ ಬಿಡಿಸಿದೆ. ಅಷ್ಟಕ್ಕೇ ಎದ್ದು ಬರಬಾರದಿತ್ತೇ? ಬುದ್ಧಿವಂತನಲ್ಲವೇ ನಾನು! ಅವರು ಕಾಫಿ ತರಲು ಹೋದಾಗ ಬಲಗಡೆಯ ದಪ್ಪವನ್ನೂ ಇಳಿಸಿ ಎರಡನ್ನೂ ಸಮ ಮಾಡಿಟ್ಟೆ. ಇನ್ನು ಯಾವ ಬೀಗರೂ ಜಗಳಕ್ಕೆ ಬರುವುದಿಲ್ಲ ಎಂದು ಜಂಬವನ್ನೂ ಕೊಚ್ಚಿದೆ.

ಅತ್ತೆ ಒಂದು ಪುಟವನ್ನು ಬಲಕ್ಕೆ ಎಳೆದರು. ಅಕ್ಷರ ದಪ್ಪವಾಗಲಿಲ್ಲ. ಇನ್ನೊಮ್ಮೆ ಎಳೆದು ನೋಡಿದರು. ಮುಖ ಇಳಿದುಹೋಯಿತು.

"ಇದನ್ ಅವಳು ಹೆಂಗ್ ಓದ್ತಾಳೋ?"

ಖಾಲಿ ಕುರ್ಚಿಗೆ ಪ್ರೂಫ್ ತೋರಿಸುವ ಅತ್ತೆಯ ಕಥೆಯನ್ನು ಕಡೂರಿನಲ್ಲಿ ಎಷ್ಟು ಜನಕ್ಕೆ ಹೇಳಿ ನಕ್ಕಿದ್ದೆ! ಈಗಲೇ ಮೊದಲಿನಂತೆ ಮಾಡುತ್ತೇನೆ, ನೂರಿಪ್ಪತ್ತೈದು ಪರ್ಸೆಂಟ್ ಇತ್ತು ಎಂದೆ. ಗ್ಯಾರಂಟಿಯಾ ಎಂದು ಕೇಳಿದರು. ಆ ಮಾನಿಟರಿನ ಅಳತೆಯ ಪಟ್ಟಿಯಲ್ಲಿ ಇರುವುದೇ ಎರಡು ಸಂಖ್ಯೆ, ನೂರು ಮತ್ತು ನೂರಿಪ್ಪತ್ತೈದು. ಈಗ ನೂರಿದ್ದರೆ ಮೊದಲಿದ್ದದ್ದು ಯಾವುದೆಂದು ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತ ಅತ್ತೆಗೆ ಗೊತ್ತಿಲ್ಲವೇ?

"ನಿಂಗ್ ಗೊತ್ತಾಗಲ್ಲ ಸುಮ್ನಿರು. ಅಳತೆ ಅವಳ್ದು, ಅವಳನ್ನೇ ಕೇಳ್ಬೇಕು."

ಫೋನ್ ತೆಗೆದ ಅತ್ತೆ ನಂಬರು ಹುಡುಕಲಿಲ್ಲ, ಬೆರಳಿಗೇ ಬಾಯಿಪಾಠವಾಗಿತ್ತು. ಸ್ಪೀಕರಿನಲ್ಲಿ ಆ ಕಡೆ ಕುರಿಗಳ ಸದ್ದು, ಆಮೇಲೆ ಟೀಚರ ಹಲೋ. ಅತ್ತೆ ಫೋನಿನ ಹತ್ತಿರ ಬಾಗಿದರು.

"ಲೇ, ನಮ್ ಹುಡ್ಗ ನಿನ್ ಮಾನಿಟರ್ ಕೆಡಿಸ್ಬಿಟ್ಟ ಕಣೇ. ನಿನ್ ಅಕ್ಷರ ಎಷ್ಟ್ ದಪ್ಪ ಇತ್ತು?"

ಟೀಚರ್ ಮೊದಲು ಕುರಿಗಳನ್ನು ಗದರಿ ಆಚೆ ಅಟ್ಟಿದರು.

"ಫೋನಲ್ಲಿ ಹೆಂಗೇ ಹೇಳ್ಲಿ? ಬಂದ್ ಕೂತ್ರೆ ತಾನೆ ಗೊತ್ತಾಗೋದು."

"ಹಂಗಾದ್ರೆ ಬಾ."

ಫೋನ್ ಇಟ್ಟು ಅತ್ತೆ ದಿಂಬನ್ನು ಬಾಗಿಲ ಹೊರಗೆ ಒಯ್ದು ಕೊಡವಿದರು. ಅದನ್ನು ಕುರ್ಚಿಯ ಮೇಲಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಮೆಲ್ಲಗೆ ಮೌಸಿಗೆ ಕೈ ಹಾಕಿದರೆ ಪಟ್ಟೆಂದು ಕೈಯ ಮೇಲೊಂದು ಏಟು ಬಿತ್ತು.

"ಮುಟ್ಬೇಡ. ಅವಳು ಬರೋಗಂಟ ಕೆಟ್ಟೇ ಇರ್ಲಿ."