ಗ್ರೀಸಿನ ರಾಣಿಗೆ ಸೂತಕ ಹಿಡಿದ ನಮ್ಮ ಚಿಗವ್ವ

ಅಕ್ಷತಾ, ಪ್ರಜ್ವಲ, ಎಲ್ಲರಿಗಿಂತ ಸಣ್ಣವನಾದರೂ ಎಲ್ಲರಿಗಿಂತ ಜೋರು ಮಾಡುವ ಶಿವು, ಮೂವರೂ ಕೇಳಿರಿ. ನಿಮ್ಮ ಅಜ್ಜಿ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ, ನಿಮಗೆ ಗೊತ್ತೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಹಾಳೆ ತಿರುಗಿ ನನ್ನ ಮುಖ ನೋಡುವುದಿಲ್ಲವಲ್ಲ!

ಸುದ್ದಿ ಏನೆಂದರೆ, ನಮ್ಮ ಚಿಗವ್ವ, ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ, ಗ್ರೀಸ್ ದೇಶದ ರಾಣಿಯೊಬ್ಬಳು ಸತ್ತಳೆಂದು ಮೂರು ದಿನ ಸೂತಕ ಹಿಡಿದಿದ್ದಳು. ಸುಳ್ಳಲ್ಲ! ತಲೆ ಬಾಚಲಿಲ್ಲ, ಪಲ್ಯಕ್ಕೆ ಒಗ್ಗರಣೆ ಕೊಡಲಿಲ್ಲ. ಮೂರನೆಯ ದಿನ ಮಾಳಿಗೆ ಹತ್ತಿ ಕಾಗೆಗೆ ಎಡೆ ಇಟ್ಟಳು. ಓಣಿಯ ಹೆಂಗಸರು ಗಾಬರಿಯಾಗಿ ಓಡಿ ಬಂದರು.

"ಯಾರ ಹೋದ್ರ ಬೇ ಯವ್ವಾ?"

"ನಮ್ಮ ಹುಡುಗಿ ಸಾಲ್ಯಾಗಿನ ರಾಣಿ."

"ರಾಣಿ? ನಿಮಗ ಏನ ಆಗಬೇಕ ಆಕಿ?"

"ಏನೂ ಆಗಬೇಕಾಗಿಲ್ಲ. ಆಕಿಗೆ ಅಳಾಕ ಯಾರೂ ಇಲ್ಲ ಅಂತ ನಾ ಹಿಡದೀನಿ. ಕುಂಡ್ರಿ, ನೀವೂ ಒಂದೀಟ ಅಳ್ರಿ."

ಬಂದ ಹೆಂಗಸರು ಏನು ಮಾಡಬೇಕು? ಕುಳಿತು ಒಂದಿಷ್ಟು ಅತ್ತರು. ಕಾಗೆ ಎಡೆ ಮುಟ್ಟಿತೇ ಎನ್ನುವಿರೇನು? ಮುಟ್ಟಿತು! ಗ್ರೀಸಿನ ರಾಣಿ ನಮ್ಮ ಡೋಣಿ ಊರಿನ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಹೋದಳು.

ಈ ಸಾವಿನ ಖಬರು ತಂದವಳು ನಾನೇ. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ನಾನು ಐದನೆಯ ಇಯತ್ತೆಯಲ್ಲಿದ್ದೆ. ಗದಗಿನಿಂದ ಬಂದ ಮಾಸ್ತರರು ಶನಿವಾರ ಮುಂಜಾನೆ ಪಾಠ ಬಿಟ್ಟು ಪರದೇಶದ ಕಥೆ ಹೇಳುತ್ತಿದ್ದರು. ನಾನು ಬಂದು ಒಲೆಯ ಮುಂದೆ ಕುಳಿತು ಅದನ್ನು ಚಿಗವ್ವನಿಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ರೊಟ್ಟಿ ಇಲ್ಲ!

ಆ ದಿನದ್ದು ಗ್ರೀಸಿನ ಪುರಾಣದ ಕಥೆ, ಹಿಪ್ಪೊಲಿಟಾ ಎಂಬ ರಾಣಿಯದು. ಆಕೆಯ ರಾಜ್ಯದಲ್ಲಿ ಬರೀ ಹೆಂಗಸರು. ಕುದುರೆ ಹತ್ತಿ, ಬಿಲ್ಲು ಹಿಡಿದು ಕಾದಾಡುವವರು. ರಾಣಿಯ ನಡುವಿಗೆ ಯುದ್ಧದೇವರು ಕೊಟ್ಟ ಸೊಂಟಪಟ್ಟಿ, ಡಾಬು. ಬೇರೊಂದು ದೇಶದ ರಾಜನ ಮಗಳು ಆ ಡಾಬು ತನಗೆ ಬೇಕೆಂದು ಹಟ ಹಿಡಿದಳು. ಅದನ್ನು ತರಲು ಒಬ್ಬ ಮಹಾ ಪೈಲವಾನ ಹಡಗಿನಲ್ಲಿ ಬಂದ. ರಾಣಿ ತಾನೇ ಹಡಗಿಗೆ ಹೋಗಿ, ಆದರದಿಂದ ಮಾತಾಡಿಸಿ, ಕೊಡುತ್ತೇನೆಂದು ಒಪ್ಪಿದಳು. ಅಷ್ಟರಲ್ಲಿ ಹೊಟ್ಟೆಕಿಚ್ಚಿನ ದೇವಿಯೊಬ್ಬಳು "ನಿಮ್ಮ ರಾಣಿಯನ್ನು ಹಾರಿಸಿಕೊಂಡು ಹೊರಟಾರ" ಎಂದು ಊರಲ್ಲಿ ಚಾಡಿ ಹಬ್ಬಿಸಿದಳು. ಹೆಂಗಸರು ಆಯುಧ ಹಿಡಿದು ಬಂದರು. ಪೈಲವಾನ ಇದು ರಾಣಿಯದೇ ಮೋಸವೆಂದು ತಿಳಿದು ಆಕೆಯನ್ನು ಕೊಂದು ಡಾಬು ಬಿಚ್ಚಿಕೊಂಡು ಹೋದ.

ಚಿಗವ್ವ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡಿತು.

"ಕೊಡತೀನಿ ಅಂದಾಕಿನ್ನ ಕೊಂದ್ರ?"

ಹಿಟ್ಟಿನ ಕೈಯಲ್ಲೇ ಎದ್ದಳು. ನಾನು ಹಿಂದೆ ಹಿಂದೆ ಓಡಿದೆ. ಶಾಲೆ ಬಿಟ್ಟು ಮಾಸ್ತರರು ಬಾಗಿಲಿಗೆ ಕೀಲಿ ಹಾಕುತ್ತಿದ್ದರು.

"ಮಾಸ್ತರ, ಆಕಿನ್ನ ಯಾಕ ಕೊಂದ್ರಿ?"

ಮಾಸ್ತರರ ಕೈಯಿಂದ ಕೀಲಿ ಕೆಳಗೆ ಬಿತ್ತು. "ಯಾರನ್ನ್ರಿ ಬಾಯಾರ? ನಾ ಯಾರನ್ನ ಕೊಂದೀನ್ರಿ?"

"ಆ ಡಾಬಿನ ರಾಣಿನ್ನ!"

"ಅಯ್ಯ, ಅದು ಕಥಿರಿ ಬಾಯಾರ. ಎರಡ ಮೂರ ಸಾವಿರ ವರ್ಷದ್ದು!"

"ಅಷ್ಟ ವರ್ಷ ಆದ್ರೂ ಒಬ್ಬರೂ ಕೇಳಿಲ್ಲಂದ್ರ ಏನ ಮಂದಿರಿ ನೀವು!"

ಮುಂದಿನ ಶನಿವಾರ ಮಾಸ್ತರರು ಯಾರೂ ಸಾಯದ ಕಥೆ ಹುಡುಕಿಕೊಂಡು ಬಂದಿದ್ದರು, ಪಾಪ. ಮೊಲ ಆಮೆಯದು.

ಸೂತಕ ಕಳೆಯಿತು, ಸಿಟ್ಟು ಕಳೆಯಲಿಲ್ಲ. ನಡು ಬರಿದಿಟ್ಟುಕೊಂಡು ತಿರುಗುವುದೇ ತಪ್ಪೆಂದು ಚಿಗವ್ವ ತೀರ್ಮಾನಿಸಿದಳು. ಬೆಳ್ಳಿಯ ಡಾಬು ಎಲ್ಲಿಂದ ಬರಬೇಕು? ತನ್ನ ಗಂಡನ, ಅಂದರೆ ನಮ್ಮ ಕಾಕಾನ, ಕೆಂಪು ರುಮಾಲು ತೆಗೆದು ನಡುವಿಗೆ ಬಿಗಿದಳು. ರುಮಾಲಿಲ್ಲದೆ ಗಂಡಸು ಅಂಗಳಕ್ಕೂ ಇಳಿಯದ ಕಾಲ ಅದು. ಕಾಕಾ ಬೋಳು ತಲೆ ಬಿಟ್ಟುಕೊಂಡು ಹೊಲಕ್ಕೆ ಹೊರಟ. ಎದುರು ಬಂದವರಿಗೆ ಎದೆ ಧಸಕ್!

"ಏನೋ, ರುಮಾಲ ಎಲ್ಲಿ?"

"ಮನ್ಯಾಗ ಲಡಾಯಿಗೆ ಹೋಗೇತಿ," ಎಂದ ಕಾಕಾ. "ಇರಲಿ ಬಿಡ, ತಲಿ ತಂಪ ಅನಸ್ತೈತಿ."

ಆ ವರ್ಷದ ಪಂಚಮಿಯಲ್ಲಿ ಗರಡಿಯ ಹುಡುಗರು ಗುಂಡುಕಲ್ಲು ಎತ್ತುವ ಪಂದ್ಯ ಇಟ್ಟಿದ್ದರು. ಒಬ್ಬನಿಗೂ ಅದು ಮೊಣಕಾಲು ದಾಟಿರಲಿಲ್ಲ. ಕಲ್ಲು ನೀರಿನ ದಾರಿಗೆ ಅಡ್ಡ ಬಿದ್ದಿತ್ತು. ಚಿಗವ್ವ ಕೊಡ ಇಳಿಸಿ, "ದಾರ್ಯಾಗ ಇಡತಾರೇನ್ರೋ ಇಂಥಾವನ್ನ?" ಎಂದು ಬೈಯುತ್ತ ಅದನ್ನು ಎತ್ತಿ ಬೇಲಿಯ ಬದಿಗಿಟ್ಟು, ಕೊಡ ಹೊತ್ತುಕೊಂಡು ಹೋದಳು. ಪಂದ್ಯದ ವಿಷಯ ಆಕೆಗೆ ಗೊತ್ತೇ ಇರಲಿಲ್ಲ! ಹುಡುಗರು ಅಂದೇ ಪಂದ್ಯ ಮುಚ್ಚಿದರು.

ಇಂಥವಳಿಗೂ ಒಂದು ಕಟ್ಟುಪಾಡಿತ್ತು. ನಮ್ಮ ಅಪ್ಪ ಆಕೆಗೆ ಗಂಡನ ಅಣ್ಣ, ಭಾವ. ಭಾವನ ಎದುರು ನಿಂತು ಮಾತಾಡುವಂತಿಲ್ಲ. ಆಕೆ ಅದನ್ನು ಮುರಿಯಲಿಲ್ಲ. ಅಪ್ಪನಿಗೆ ಹೇಳಬೇಕಾದದ್ದನ್ನೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಂಡು ಎಮ್ಮೆಗೆ ಹೇಳುತ್ತಿದ್ದಳು.

ನನಗೆ ಹನ್ನೆರಡು ತುಂಬಿದಾಗ ಅಪ್ಪ ನನ್ನನ್ನು ಶಾಲೆ ಬಿಡಿಸಿ ಲಕ್ಷ್ಮೇಶ್ವರದ ಮನೆಯೊಂದಕ್ಕೆ ಕೊಡುವುದೆಂದು ಗೊತ್ತುಮಾಡಿದ. ನನಗೋ ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆಗೆ ಕೂಡಬೇಕೆಂಬ ಆಸೆ. ಅದನ್ನು ಅಪ್ಪನ ಮುಂದೆ ಹೇಳಲು ನಾಲಿಗೆ ಏಳಬೇಕಲ್ಲ! ಚಿಗವ್ವನ ಹೆಗಲಿಗೆ ಮುಖ ಒತ್ತಿ ಅತ್ತೆ. ಆಕೆ ನೆಟ್ಟಗೆ ಕೊಟ್ಟಿಗೆಗೆ ನಡೆದಳು.

"ಏ ಎಮ್ಮಿ, ಹುಡುಗಿ ಮುಲ್ಕಿಗೆ ಇನ್ನ ಎರಡ ವರ್ಷ ಐತಿ. ಅಷ್ಟ ತಡೀರಿ ಅಂತ ಹೇಳ."

ಅಪ್ಪ ಕಟ್ಟೆಯ ಮೇಲಿಂದ, "ಎಮ್ಮಿ, ಮುಲ್ಕಿ ಪಾಸ ಆದಾಕಿ ರೊಟ್ಟಿ ಏನ ಚೌಕ ಬಡೀತಾಳೇನಂತ ಕೇಳ."

"ಎಮ್ಮಿ, ಲಕ್ಷ್ಮೇಶ್ವರ ಬ್ಯಾರೆ ರಾಜನ ಸೀಮಿ ಅಂತ ಹೇಳ!"

"ಎಮ್ಮಿ, ಸಂಸ್ಥಾನ ಎಲ್ಲಾ ಹೋಗಿ ಈಗ ಒಂದ ಆಗೇತಿ ಅಂತ ತಿಳಿಸಿ ಹೇಳ."

ಕಾಕಾ ನಿಟ್ಟುಸಿರಿಟ್ಟ. "ಈ ಮನ್ಯಾಗ ಎಮ್ಮಿ ಒಂದ ಶಾಣೇ ಆತ ನೋಡ."

ಎಮ್ಮೆಯಿಂದ ಏನೂ ಆಗಲಿಲ್ಲ. ಬೀಗರು ಬರುವ ದಿನವೂ ಬಂತು. ಹುಡುಗನ ಕಡೆಯ ಹೆಂಗಸರು ಬಂದು ಹುಡುಗಿಯ ಉಡಿ ತುಂಬಿದರೆ ಆಯಿತು, ಆಮೇಲೆ ದೇವರು ಬಂದರೂ ಸಂಬಂಧ ಮುರಿಯುವಂತಿಲ್ಲ. ಮುಂಜಾನೆ ಚಿಗವ್ವ ನನ್ನ ಜಡೆ ಹಾಕುತ್ತ, "ಆ ರಾಣಿ ಒಂದ ತಪ್ಪ ಮಾಡಿದ್ಲ ಮಗಳ," ಎಂದಳು. "ಬಂದವರ ಹಡಗಿಗೆ ತಾನ ಹೋದ್ಲ. ಬಂದವರನ್ನ ನಮ್ಮ ಪಡಸಾಲಿಗೆ ಕರೀಬೇಕ." ನನಗೆ ಏನೂ ತಿಳಿಯಲಿಲ್ಲ.

ಲಕ್ಷ್ಮೇಶ್ವರದಿಂದ ಎರಡು ಚಕ್ಕಡಿ ತುಂಬ ಬೀಗರು ಬಂದರು. ಪಡಸಾಲೆಯಲ್ಲಿ ಮಣೆ ಹಾಕಿತ್ತು. ಹುಡುಗನ ತಾಯಿ ಪರಾತ ಹಿಡಿದು ನಿಂತಿದ್ದರು. ಅದರಲ್ಲಿ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲ್ಲ ಒಂದು ಉಡಿಗೆ ಆಗುವಷ್ಟೇ. ಅವ್ವ ನನ್ನನ್ನು ಕರೆತರಲು ಒಳಗೆ ಬಂದಳು. ನಾವಿಬ್ಬರೂ ಬಾಗಿಲಿಗೆ ಬಂದು ನೋಡುತ್ತೇವೆ, ಮಣೆಯ ಮೇಲೆ ಚಿಗವ್ವ ಕುಳಿತಿದ್ದಾಳೆ! ನಡುವಿಗೆ ಕೆಂಪು ರುಮಾಲು. ಎರಡೂ ಕೈಯಲ್ಲಿ ಸೆರಗು ಹಿಡಿದು ಉಡಿ ಒಡ್ಡಿದ್ದಾಳೆ!

ನಮ್ಮೂರ ಹೆಂಗಸರು ಕಲ್ಲಾಗಿ ನಿಂತರು. ಅವ್ವ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು. ಬೀಗರಿಗೆ ಏನು ಗೊತ್ತು? ಉಡಿ ಒಡ್ಡಿ ಕುಳಿತ ಮುತ್ತೈದೆಗೆ ಇಲ್ಲವೆನ್ನುವುದುಂಟೇ? ಮನೆಯ ಹಿರಿಯಳಿಗೆ ಮೊದಲ ಮಾನವೆಂದು ತಿಳಿದು ಆ ತಾಯಿ ಕುಂಕುಮ ಹಚ್ಚಿ, ಪರಾತದಲ್ಲಿದ್ದದ್ದನ್ನೆಲ್ಲ ಆಕೆಯ ಉಡಿಗೆ ಹಾಕಿದರು. ಚಿಗವ್ವ ಅದನ್ನು ಕಣ್ಣಿಗೊತ್ತಿಕೊಂಡು ಗಂಟು ಹಾಕಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನನಗ ಮಕ್ಕಳಿಲ್ಲರಿ. ಮದಿವ್ಯಾಗಿ ಹತ್ತ ವರ್ಷ ಆತು. ಬಂಜಿ ಅದೀನ್ರಿ ನಾ."

ಹುಡುಗನ ತಾಯಿಯ ಕೈಯಿಂದ ಬರಿದಾದ ಪರಾತ ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿತು. ಸೊಸೆಯ ಉಡಿ ಬಂಜೆಯ ಪಾಲಾಯಿತಲ್ಲ! ಅಂಥ ಅಪಶಕುನ ಹೊತ್ತುಕೊಂಡು ಯಾರು ಸಂಬಂಧ ಮಾಡುತ್ತಾರೆ? ಬಡಿಸಿದ ಎಲೆ ಹಾಗೇ ಬಿಟ್ಟು ಬೀಗರು ಚಕ್ಕಡಿ ಹತ್ತಿದರು.

ಅಪ್ಪ ಪಡಸಾಲೆಗೆ ನುಗ್ಗಿ ಬಂದ. ಎಮ್ಮೆಯನ್ನು ಮರೆತು, ಜೀವಮಾನದಲ್ಲಿ ಮೊದಲ ಸಲ ಆಕೆಯನ್ನೇ ನೋಡಿ ಕೂಗಿದ. "ಏನ ಮಾಡಿದಿ ನೀ ಇದನ್ನ?"

"ಉಡಿ ನನಗ ತುಂಬ್ಯಾರ್ರಿ ಭಾವಾರ. ನನ್ನನ್ನ ಕಳಸರಿ ಲಕ್ಷ್ಮೇಶ್ವರಕ್ಕ."

ಮೂಲೆಯಿಂದ ಕಾಕಾ ಮೆಲ್ಲಗೆ ಕೇಳಿದ. "ಮತ್ತ ನಾನೂ ಹೊಂಡಲೇನು?"

ಅಪ್ಪನಿಗೆ ನಗು ಬರಲಿಲ್ಲ. ಸುದ್ದಿ ಮುಂಡರಗಿ, ಶಿರಹಟ್ಟಿಯವರೆಗೆ ಹಬ್ಬಿ ಎರಡು ವರ್ಷ ಯಾರೂ ನಮ್ಮ ಮನೆಗೆ ಹೆಣ್ಣು ಕೇಳಲು ಬರಲಿಲ್ಲ. ಆ ಎರಡು ವರ್ಷದಲ್ಲಿ ನಾನು ಮುಲ್ಕಿ ಪಾಸಾದೆ. ಈ ಅಕ್ಷರ ಅಲ್ಲಿಂದ ಬಂದದ್ದು.

ಆ ದಿನ ಎಲ್ಲರೂ ಹೋದ ಮೇಲೆ ನಾನು ಚಿಗವ್ವನನ್ನು ಹುಡುಕಿದೆ. ಹಿತ್ತಲಲ್ಲಿ ಒಬ್ಬಳೇ ಕುಳಿತಿದ್ದಳು. ಉಡಿಯ ಗಂಟು ಇನ್ನೂ ಬಿಚ್ಚಿರಲಿಲ್ಲ. ಅದರ ಮೇಲೆ ಕೈ ಇಟ್ಟುಕೊಂಡಿದ್ದಳು, ಬಸುರಿಯರು ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ನನ್ನನ್ನು ನೋಡಿ, "ಒಂದೀಟ ಹೊತ್ತ ಇರಲಿ ಬಿಡ ಮಗಳ, ಆಮ್ಯಾಲೆ ಬಿಚ್ಚತೀನಿ," ಎಂದಳು. ಯಾರ ಮನೆಯ ಕಾರ್ಯದಲ್ಲೂ ಉಡಿ ತುಂಬುವ ಹೊತ್ತಿಗೆ ಆಕೆಯನ್ನು ನೀರು ತರಲು ಕಳಿಸುತ್ತಿದ್ದರು. ಗಟ್ಟಿಗಿತ್ತಿ ಎಂದು ಕಳಿಸುತ್ತಾರೆಂದು ನಾನು ತಿಳಿದಿದ್ದೆ.

ಮುಂದೆ ಮುಂಡರಗಿಯಿಂದ ನಿಮ್ಮ ಅಜ್ಜನ ಸಂಬಂಧ ಬಂದು ನನ್ನ ಮದುವೆಯಾಯಿತು. ಉಡಿ ತುಂಬುವಾಗ ಚಿಗವ್ವ ಅಡುಗೆಯ ಒಲೆಯ ಮುಂದಿದ್ದಳು. ಮಣೆಯ ಮೇಲೆ ಕುಳಿತ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು, "ಚಿಗವ್ವನ್ನ ಕರೀರಿ." ಹೇಳಲಿಲ್ಲ. ಬಾಯಿ ಬರಲಿಲ್ಲ.

ನಿಮ್ಮ ಅಜ್ಜ ತೀರಿಹೋದ ಮೇಲೆ ಒಂದು ಮದುವೆಯಲ್ಲಿ ಪರಾತ ನನ್ನನ್ನು ದಾಟಿ ಮುಂದೆ ಹೋಯಿತು. ಹಿಡಿದವಳು ಕೆಟ್ಟವಳಲ್ಲ, ನನ್ನ ಕಡೆ ನೋಡದೆ ಹೋದಳು, ಅಷ್ಟೇ. ಆಗ ನನಗೆ ತಿಳಿಯಿತು, ಚಿಗವ್ವ ಆ ದಿನ ನನಗೋಸ್ಕರ ಏನನ್ನು ಬಿಚ್ಚಿ ಎಲ್ಲರ ಮುಂದೆ ಇಟ್ಟಳೆಂದು. ಆಕೆಗೆ ಹೇಳೋಣವೆಂದರೆ ಆಕೆ ಇರಲಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನ ಮಾಡಿರಿ. ಟ್ರಂಕಿನ ತಳದಲ್ಲಿ ಹಾಕಬೇಡಿರಿ. ಪರಾತ ಇಡುವ ಕಪಾಟಿನಲ್ಲೇ ಇಡಿರಿ. ಮನೆಯಲ್ಲಿ ಕಾರ್ಯವಾದ ದಿನ ಉಡಿ ತುಂಬಲು ಪರಾತ ತೆಗೆಯುವವರ ಕೈಗೆ ಮೊದಲು ಇವೇ ಸಿಗಲಿ.