ದಂಡಪಾಣಿಯ ಮೊಣಕೈ ಲೆಕ್ಕ

ಎಲ್ಲದಕ್ಕೂ ಕಾರಣ ಒಂದು ಹಿತ್ತಾಳೆ ಹರಿವಾಣ.

ಪೆರಿಯನಾಯಕನಪಾಳ್ಯದ ಪೆರಿಯಸಾಮಿಯ ಮನೆಗೆ ಹೆಣ್ಣು ಕೇಳಲು ಹೋಗುವ ಗಂಡು, ತನ್ನ ಮನೆಯ ಹರಿವಾಣ ಹಿಡಿದು ನಡುಮನೆಯಲ್ಲಿ ನಿಲ್ಲಬೇಕು. ಹೆಣ್ಣಿನ ಕಡೆಯವರು ಅದರ ಮೇಲೆ ಒಂದೊಂದಾಗಿ ಸಾಮಾನು ಹೇರುತ್ತಾ ಹೋಗುತ್ತಾರೆ. ದಂಡಪಾಣಿ ಅಲ್ಲಿಗೆ ಹೆಣ್ಣು ಕೇಳಲು ಹೊರಟ ಬೆಳಿಗ್ಗೆ ಈ ಬಾಂಬು ಹಾಕಿದವನು ಅವನ ಪಕ್ಕದ ಮನೆಯ ಲಿಂಗಸಾಮಿ.

“ಹೋದ್ ವರ್ಷ ಹೆಣ್ ಕೇಳೋಕ್ ಬಂದ ಪೊಳ್ಳಾಚಿ ಮಾಪಿಳ್ಳೆ ಹರಿವಾಣ ಕೆಳಗ್ ಹಾಕ್ಬಿಟ್ಟ. ಅಲ್ಲಿಗೆ ಪಡಂ ಮುಗೀತು. ನಿನ್ ಕೈ ನೋಡಿದ್ರೆ ನುಗ್ಗೆಕಾಯಿ ತರ ಐತೆ, ತಂಬಿ!”

ದಂಡಪಾಣಿ ಕೊಯಮತ್ತೂರಿನ ಟ್ಯುಟೋರಿಯಲ್ ಒಂದರಲ್ಲಿ ಫಿಸಿಕ್ಸ್ ಮೇಷ್ಟ್ರು. ಮೇಟುಪಾಳ್ಯಂ ಬಸ್ಸಿನಲ್ಲಿ ಪೆರಿಯಸಾಮಿಯ ಮಗಳು ತಂಗಮಣಿಯನ್ನು ಕಂಡಂದಿನಿಂದ ಅವನ ಎದೆಯಲ್ಲಿ ಹಿನ್ನೆಲೆ ಸಂಗೀತ ನಿಂತಿರಲಿಲ್ಲ. ಅವನು ಸೀಮೆಸುಣ್ಣ ತೆಗೆದು ಗೋಡೆಯ ಮೇಲೆ ಒಂದು ಕೈಯ ಚಿತ್ರ ಬರೆದ.

“ಮೊಣಕೈ ಒಂದು ಕೀಲು, ಅಣ್ಣಾ. ತೋಳಿನ ಸ್ನಾಯು ಎಳೆಯೋದು ಕೀಲಿಂದ ನಾಲ್ಕೇ ಸೆಂಟಿಮೀಟರ್ ದೂರದಲ್ಲಿ. ಭಾರ ಇರೋದು ನಲವತ್ತು ಸೆಂಟಿಮೀಟರ್ ದೂರ. ಹತ್ತು ಕಿಲೋ ಅಲ್ಲಾಡ್ದೆ ನಿಲ್ಬೇಕಂದ್ರೆ ಸ್ನಾಯು ನೂರು ಕಿಲೋ ಬಲ ಹಾಕ್ಬೇಕು!”

“ನೀನೇ ಐವತ್ ಕಿಲೋ ಇಲ್ವಲ್ಲೋ!”

“ಅದಕ್ಕೇ ಐಡಿಯಾ!”

ಮಗ್ಗದ ಹುರಿಯೊಂದನ್ನು ಕತ್ತಿಗೆ ಹಾಕಿಕೊಂಡು, ಎರಡೂ ತುದಿಗಳನ್ನು ಹರಿವಾಣದ ಎರಡು ಬದಿಯ ಹಿಡಿಬಳೆಗಳಿಗೆ ಕಟ್ಟಿಸಿಕೊಂಡ. ಮೇಲೆ ಅಂಗವಸ್ತ್ರ ಇಳಿಬಿಟ್ಟ. ಲಿಂಗಸಾಮಿ ಹಾಕಿದ್ದು ನೇಕಾರರ ಗಂಟು, ಭಾರ ಬಿದ್ದಷ್ಟೂ ಬಿಗಿಯುವಂಥದ್ದು.

“ಕೈ ಹೀರೋ, ಹುರಿ ಡೂಪು!” ಎಂದು ದಂಡಪಾಣಿ ಲಿಂಗಸಾಮಿಯನ್ನೂ ಕರೆದುಕೊಂಡು ಹೊರಟೇಬಿಟ್ಟ. ಬಸ್ಸಿನ ಕಂಡಕ್ಟರು ಇವನನ್ನು ಕಡಲೆಕಾಯಿ ಮಾರುವವನೆಂದು ತಿಳಿದು ಎರಡು ಸಲ ಕೆಳಗಿಳಿಸಲು ನೋಡಿದ.

ಪೆರಿಯಸಾಮಿಯ ಮನೆ ಹೌಸ್‌ಫುಲ್. ಕಿಟಕಿಯಲ್ಲೂ ಅಕ್ಕಪಕ್ಕದವರ ತಲೆಗಳು. ಮೊದಲು ತೆಂಗಿನಕಾಯಿಗಳು ಬಂದವು, ಆಮೇಲೆ ಬೆಲ್ಲದ ಅಚ್ಚು, ಆಮೇಲೆ ಬಾಳೆಗೊನೆ.

“ಕೈ ನೋಯ್ತದಾ, ಮಾಪಿಳ್ಳೆ?” ಎಂದು ಕೇಳಿದಳು ತಂಗಮಣಿಯ ಅಜ್ಜಿ ಬೆಳ್ಳಿಯಮ್ಮ.

“ಈ ಕೈಗೆ ನೋವು ಅಂದ್ರೆ ಏನೂಂತ ಗೊತ್ತಿಲ್ಲ, ಅಜ್ಜಿ! ಇನ್ನೂ ಇಡಿ!”

ಒಂದು ಕುಂಬಳಕಾಯಿ ಬಂತು. ಮೊಣಕೈಯ ಲೆಕ್ಕ ಪಕ್ಕಾ ಆಗಿತ್ತು. ಆದರೆ ಕತ್ತಿನ ಲೆಕ್ಕವನ್ನು ಅವನು ಮಾಡಿರಲೇ ಇಲ್ಲ. ಹುರಿ ಗರಗಸದಂತೆ ಕತ್ತನ್ನು ಕೊಯ್ಯುತ್ತಿತ್ತು. ದಂಡಪಾಣಿ ಕಾದ ಹೆಂಚಿನ ಮೇಲೆ ನಿಂತ ಕೋಳಿಯಂತೆ ಕಾಲು ಬದಲಾಯಿಸತೊಡಗಿದ.

ಪೆರಿಯಸಾಮಿ ಕೆಮ್ಮಿದ. “ಏನಾದ್ರೂ ಕೇಳ್ಬೇಕಾ, ಮಾಪಿಳ್ಳೆ? ಸಂಕೋಚ ಬೇಡ.”

“ಏನೂ ಬೇಡ!”

“ಯಾರಾದ್ರೂ... ಬರ್ಬೇಕಾ?”

“ಯಾರೂ ಬೇಡ!”

ಬಾಗಿಲ ಹಿಂದಿನಿಂದ ತಂಗಮಣಿ ಕಣ್ಣಲ್ಲೇ ಏನೋ ಹೇಳುತ್ತಿದ್ದಳು, ತುಟಿ ಆಡಿಸುತ್ತಿದ್ದಳು, ಕೊನೆಗೆ ಹಣೆ ಚಚ್ಚಿಕೊಂಡಳು. ಪ್ರೇಮವೆಂದರೆ ಇದೇ ಎಂದುಕೊಂಡ ದಂಡಪಾಣಿ ಎದೆ ಇನ್ನಷ್ಟು ಉಬ್ಬಿಸಿದ.

ಒಲೆಯ ಮೇಲಿನ ಸಾಂಬಾರು ಆರಿತು. ಜನ ಆಕಳಿಸಿದರು. ಬೆಳ್ಳಿಯಮ್ಮ ಎದ್ದಳು. “ಸಾಕು. ಈ ಸಂಬಂಧ ನಮ್ಗ್ ಬೇಡ.”

“ಅಜ್ಜೀ! ನಾನ್ ಕೆಳಗ್ ಹಾಕ್ಲಿಲ್ವಲ್ಲ!”

“ಕೆಳಗ್ ಹಾಕೋದೂ ತಪ್ಪು, ಒಬ್ನೇ ಹಿಡ್ಕೊಂಡ್ ನಿಲ್ಲೋದೂ ತಪ್ಪು. ಕೈ ಸೋತಾಗ ‘ಮಾವಾ, ಒಂದ್ ಕೈ ಹಿಡೀರಿ’ ಅನ್ಬೇಕು. ಮಾವ ಬಂದ್ ಹಿಡಿದ್ರೆ ಅದೇ ನಿಶ್ಚಯ. ಯಾರೂ ಬೇಡ ಅನ್ನೋವ್ನಿಗೆ ಹೆಂಡ್ತಿ ಯಾಕಪ್ಪಾ?”

ದಂಡಪಾಣಿ ಲಿಂಗಸಾಮಿಯತ್ತ ನೋಡಿದ. ಲಿಂಗಸಾಮಿ ಹೊಸ್ತಿಲಾಚೆ ಬಲು ಶ್ರದ್ಧೆಯಿಂದ ಚಪ್ಪಲಿ ಹುಡುಕುತ್ತಿದ್ದ.

ಪೆರಿಯಸಾಮಿ ಬೇಸರದ ಮುಖ ಹೊತ್ತು ಬಂದ. ತನ್ನ ಸಾಮಾನು ಇಳಿಸಿಕೊಳ್ಳಲೆಂದು ಹರಿವಾಣ ಸಮೇತ ಎತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದ. ಹರಿವಾಣದ ಹಿಂದೆ ಕತ್ತು ಹೋಯಿತು, ಕತ್ತಿನ ಹಿಂದೆ ದಂಡಪಾಣಿ. ಸೊಂಟ ಬಗ್ಗಿಸಿ, ಮೂಗು ಕುಂಬಳಕಾಯಿಗೆ ತಾಗಿಸಿ, ಕುಪ್ಪಳಿಸುತ್ತಾ ಕೂಗಿದ:

“ಮಾವಾ! ಮಾವಾ! ಒಂದ್ ಕೈ ಹಿಡೀರಿ!”

“ಅದೆಲ್ಲಾ ಮುಗೀತು, ತಂಬಿ,” ಎಂದ ಪೆರಿಯಸಾಮಿ, ನಡೆಯುತ್ತಲೇ. “ಇನ್ಮೇಲೆ ಅಣ್ಣಾ ಅನ್ನು.”