ಗ್ರಹಣದ ದಿನ ಒನಕೆ ಕಾದದ್ದು

ಐವತ್ತು ದಾಟಿದ ಹೆಂಗಸು ಒಪ್ಪಿಕೊಳ್ಳಲು ನಾಚಬೇಕಾದ ಸಂಗತಿಯೊಂದಿದೆ. ನನ್ನ ಆಯಸ್ಸಿನಲ್ಲಿ ಮೂರು ದೊಡ್ಡ ಸೂರ್ಯಗ್ರಹಣಗಳು ಬಂದು ಹೋದವು, ಒಂದನ್ನೂ ನಾನು ನೋಡಲಿಲ್ಲ. ಮೊದಲನೆಯದು ಬಂದಾಗ ನನಗೆ ಹನ್ನೆರಡು ವರ್ಷ. ನಮ್ಮಜ್ಜಿ ಮನೆಯ ಬಾಗಿಲು ಹಾಕಿ, ಕಿಟಕಿಯ ಸಂದಿಗೆ ಗೋಣಿತಾಟು ತುರುಕಿ, ನಮ್ಮನ್ನೆಲ್ಲ ನಡುಮನೆಯಲ್ಲಿ ಕೂರಿಸಿದ್ದರು. ಹೆಂಚಿನ ಸಂದಿಯಿಂದ ಬಿಸಿಲುಕೋಲೊಂದು ಇಳಿದರೆ ಅದಕ್ಕೂ ಬೆನ್ನು ಮಾಡಿ ಕೂರಬೇಕಾಗಿತ್ತು. ಎರಡನೆಯದರ ಹೊತ್ತಿಗೆ ನಾನು ಬಸುರಿ. ಅಲ್ಲಾಡದೆ ನೆಟ್ಟಗೆ ಮಲಗಿರು ಎಂದರು, ಮಲಗಿದ್ದೆ. ಮೂರನೆಯದರಲ್ಲಿ ನಮ್ಮ ಮನೆಯವರು ಗ್ರಹಣದ ನಡುವೆಯೇ ಕಾಫಿ ಕುಡಿದು ತೋರಿಸುತ್ತೇನೆಂದು ಹಟ ಹಿಡಿದರು. ನಮ್ಮತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. ಆ ಇಬ್ಬರ ನಡುವೆ ನಾನು ಹಾಲಿನ ಪಾತ್ರೆ ಹಿಡಿದು ನಿಂತೇ ಇದ್ದೆ. ಹೊರಗೆ ಸೂರ್ಯ ತನ್ನ ಕೆಲಸ ಮುಗಿಸಿಕೊಂಡು ಹೋಗಿದ್ದ.

ನಮ್ಮ ಮನೆಯವರು ಕಟ್ಟೆಮಳಲವಾಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕೊರೊನಾ ಬರುವುದಕ್ಕೆ ಮುಂಚಿನ ಆ ಡಿಸೆಂಬರಿನಲ್ಲಿ ಕಂಕಣಗ್ರಹಣವೆಂದು ಗೊತ್ತಾದ ದಿನದಿಂದ ಅವರ ಕಾಲು ನೆಲದ ಮೇಲಿರಲಿಲ್ಲ. ಸೂರ್ಯನ ನಡುಭಾಗ ಮುಚ್ಚಿ ಅಂಚು ಮಾತ್ರ ಬಳೆಯ ಹಾಗೆ ಉಳಿಯುತ್ತದಂತೆ. ನಮ್ಮ ಹುಣಸೂರಿನಲ್ಲಿ ಕೂತರೆ ಬಳೆ ಸರಿಯಾಗಿ ಕೂಡಿಕೊಳ್ಳುತ್ತದೋ ಇಲ್ಲವೋ ಎಂಬ ಅನುಮಾನ, ಎಚ್.ಡಿ. ಕೋಟೆ ದಾಟಿ ಕಾಡಿನಂಚಿಗೆ ಹೋದರೆ ಎರಡು ನಿಮಿಷ ಖಂಡಿತ ಸಿಗುತ್ತದೆಂಬುದು ಅವರ ಲೆಕ್ಕ. ಅವರ ಗೆಳೆಯ ನಂಜೇಗೌಡರಿಗೆ ಅಲ್ಲೊಂದು ಹೊಲವಿದೆ. ಮೂರು ಕಡೆ ಕಾಡು, ನಡುವೆ ಆನೆ ಕಂದಕ. ಕಾಡಿನೊಳಗೆ ಬಿಡಾರ ಹೂಡಲು ಇಲಾಖೆಯವರು ಬಿಡುವುದಿಲ್ಲವಾದ್ದರಿಂದ ಹೊಲದಲ್ಲೇ ಟೆಂಟು ಹಾಕುವುದೆಂದಾಯಿತು. "ಈ ಸಲ ನಾನೂ ಬರ್ತೀನಿ. ಆ ಬಳೆ ನೋಡದೆ ಸಾಯಲ್ಲ," ಎಂದೆ. ಹಾಗೆ ಹೇಳಿದ್ದು ನಾನೇನಾ ಎಂದು ನನಗೇ ಆಶ್ಚರ್ಯವಾಯಿತು. ಅವರು ಎರಡನೆಯ ಮಾತಿಲ್ಲದೆ, "ಬಾ, ಅಡುಗೆಗೂ ಆಗುತ್ತೆ," ಎಂದರು.

ಬೇರೆಯವರು ಒಂದು ರಾತ್ರಿಗೆ ಹೊರಟರೆ ಒಂದು ಚೀಲ. ನಾನು ಹೊರಟರೆ ಒಲೆ, ಸೌದೆ ನೆನೆದಿದ್ದರೆ ಬೇಕೆಂದು ಸೀಮೆಎಣ್ಣೆ, ಸುಲಿದ ಅವರೆಕಾಳು ಎರಡು ಸೇರು, ರಾಗಿಹಿಟ್ಟು, ಮುದ್ದೆಕೋಲು, ನಾಲ್ಕು ಕಂಬಳಿ, ಜೀಪಿನ ಕುಲುಕಾಟಕ್ಕೆ ಬೆನ್ನಿಗೆಂದು ಒಂದು ದಿಂಬು, ಹಲ್ಲುನೋವಿಗೆ ಲವಂಗ. ಯಾರ ಹಲ್ಲೂ ನೋಯುತ್ತಿರಲಿಲ್ಲ. ನಂಜೇಗೌಡರ ಜೀಪಿನಲ್ಲಿ ಇವೆಲ್ಲಕ್ಕೂ ಜಾಗವಾಯಿತು; ಆದರೆ ಹಿಂದಿನ ಸೀಟಿನ ಉದ್ದಕ್ಕೂ ಆಗಲೇ ಇನ್ನೊಂದು ಸಾಮಾನು ಮಲಗಿತ್ತು. ಒನಕೆ. ಅದರ ಪಕ್ಕದಲ್ಲಿ ಮಡಿಲಲ್ಲಿ ಹಿತ್ತಾಳೆ ತಟ್ಟೆ ಇಟ್ಟುಕೊಂಡು ನಂಜೇಗೌಡರ ಚಿಕ್ಕಮ್ಮ ಕೂತಿದ್ದರು. ಚಿಕ್ಕತಾಯಮ್ಮ, ಭೇರ್ಯದವರು, ಎಪ್ಪತ್ತೈದು ದಾಟಿದ ಗಟ್ಟಿ ಹೆಂಗಸು.

ಗ್ರಹಣ ಹಿಡಿದಾಗ ತಟ್ಟೆಗೆ ಅರಿಸಿನದ ನೀರು ಹಾಕಿ ಒನಕೆ ನಿಲ್ಲಿಸುವ ರೂಢಿ ನಮ್ಮ ಕಡೆ ಉಂಟು. ಹಿಡಿದಿರುವಷ್ಟು ಹೊತ್ತು ಒನಕೆ ಯಾರ ಆಸರೆಯೂ ಇಲ್ಲದೆ ನಿಲ್ಲುತ್ತದೆ, ಬಿಟ್ಟ ಗಳಿಗೆಗೆ ಬೀಳುತ್ತದೆ. ನಮ್ಮ ಮನೆಯವರು ಒನಕೆಯನ್ನು ನೋಡಿ ನಕ್ಕರು.

"ಯಾಕ್ ನಗ್ತೀರಾ ಮೇಷ್ಟ್ರೇ? ನಮ್ಮತ್ತೆ ಕಾಲದಿಂದ ನಿಂತ್ಕಂಡ್ ಬಂದೈತೆ ಇದು. ನಿಮ್ ಗ್ರಹಣದ್ ಕನ್ನಡಕ ನೆನ್ನೆ ಮೊನ್ನೆ ಬಂದದ್ದು," ಎಂದರು ಚಿಕ್ಕತಾಯಮ್ಮ.

"ಅಮ್ಮಾ, ತಳ ಚಪ್ಪಟೆಯಾಗಿದ್ರೆ ಒನಕೆ ಯಾವತ್ತು ಬೇಕಾದ್ರೂ ನಿಲ್ಲುತ್ತೆ. ಗ್ರಹಣಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಅಂಗಾದ್ರೆ ಇವತ್ತೇ ನಿಲ್ಸಿ ನೋಡವ."

ಹೊಲ ತಲುಪಿ, ಟೆಂಟು ಎಬ್ಬಿಸುವುದಕ್ಕೆ ಮುಂಚೆ ನಮ್ಮ ಮನೆಯವರು ಮಾಡಿದ್ದು ಅದೇ ಕೆಲಸ. ದೊಡ್ಡ ಹುಣಸೆ ಮರದ ಕೆಳಗೆ ಒಂದು ಹಾಸುಬಂಡೆಯಿತ್ತು. ಅದರ ಮೇಲೆ ಒನಕೆ ನಿಲ್ಲಿಸಿ ಕೈ ಬಿಟ್ಟರು. ಬಿತ್ತು. ಮತ್ತೆ ನಿಲ್ಲಿಸಿದರು. ಬಿತ್ತು. ಹೊಲದ ಕಾವಲಿಗಿರುವ ಪಕ್ಕದ ಹಾಡಿಯ ರಾಜಪ್ಪ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿ, "ಸಾ, ಒತ್ತು ಮುಳುಗದ್ರೊಳ್ಗೆ ಟೆಂಟು ನಿಲ್ಸವ. ಒನಕೆ ಒಳೀಕೆ ಮಲಗಕಾಯ್ತದಾ?" ಎಂದ. ಆನೆ ಬರುತ್ತವೆಯೇ ಎಂದು ನಾನು ಮೆಲ್ಲಗೆ ಕೇಳಿದೆ. "ಬತ್ತವೆ ಅಮ್ಮ. ರಾಗಿ ಕುಯ್ದಾಗೈತಲ್ಲ, ಈಗ ಬಂದ್ರೆ ಸುಮ್ನೆ ನೋಡ್ಕಂಡೋಯ್ತವೆ," ಎಂದ. ಇದು ಧೈರ್ಯದ ಮಾತೋ ಅಲ್ಲವೋ ನನಗೆ ತಿಳಿಯಲಿಲ್ಲ. ಟೆಂಟಿನ ಒಂದು ಕಡ್ಡಿ ಮನೆಯಲ್ಲೇ ಉಳಿದಿದ್ದರಿಂದ ಅದು ಒಂದು ಮಗ್ಗುಲಿಗೆ ಕುಸಿದು ಮಲಗಿತು. ಹೆಂಗಸರಿಬ್ಬರೂ ರಾಜಪ್ಪನ ಅಟ್ಟಣೆಯ ಕೆಳಗಿನ ಗುಡಿಸಲಿನಲ್ಲಿ ಮಲಗಿದೆವು. ಗಂಡಸರು ವಿಜ್ಞಾನದ ಮರ್ಯಾದೆಗಾಗಿ ಟೆಂಟಿನಲ್ಲೇ ಮುದುಡಿಕೊಂಡರು.

ಬೆಳಿಗ್ಗೆ ಎದ್ದರೆ ಕಾಡೂ ಇಲ್ಲ, ಹೊಲವೂ ಇಲ್ಲ, ಬರೀ ಮಂಜು. ನನ್ನ ಕೈಯ ಲೋಟವೇ ನನಗೆ ಮಸುಕಾಗಿ ಕಾಣುತ್ತಿತ್ತು. ಎಂಟರ ಸುಮಾರಿಗೆ ಗ್ರಹಣ ಹಿಡಿಯಬೇಕು. ಅದಕ್ಕೆ ಮುಂಚೆ ಎಲ್ಲರೂ ತಿಂದು ಮುಗಿಸಲಿ ಎಂದು ಏಳಕ್ಕೇ ಅವರೆಕಾಳಿನ ಉಪ್ಪಿಟ್ಟು ಇಳಿಸಿದೆ. ಚಿಕ್ಕತಾಯಮ್ಮ ಹಿಂದಿನ ರಾತ್ರಿಯಿಂದಲೇ ಉಪವಾಸ. ನಮ್ಮ ಮನೆಯವರು ಬೇಕೆಂದೇ ತಟ್ಟೆ ಎತ್ತಿಟ್ಟು, "ನಾನು ಗ್ರಹಣ ಹಿಡಿದ ಮೇಲೇ ತಿನ್ನೋದು," ಎಂದರು. ನಾನು ಅರ್ಧ ತಿಂದು ಅರ್ಧ ಬಿಟ್ಟೆ. ಶಾಸ್ತ್ರಕ್ಕೂ ಬೇಜಾರಾಗಬಾರದು, ವಿಜ್ಞಾನಕ್ಕೂ ಬೇಜಾರಾಗಬಾರದು. ಮೂವತ್ತು ವರ್ಷದಿಂದ ನನ್ನ ಸಂಸಾರ ನಡೆದಿರುವುದೇ ಹಾಗೆ.

ಎಂಟಾಯಿತು. ಆಕಾಶದಲ್ಲಿ ಏನು ನಡೆಯುತ್ತಿದೆಯೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಗ್ರಹಣದ ಕನ್ನಡಕ ಹಾಕಿಕೊಂಡು ಮಂಜಿನ ಕಡೆ ಮುಖ ಮಾಡಿ ನಿಂತಿದ್ದ ಇಬ್ಬರು ಗಂಡಸರು ಏನೂ ಕಾಣದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಅಷ್ಟರಲ್ಲಿ ಚಿಕ್ಕತಾಯಮ್ಮ ಹಾಸುಬಂಡೆಯ ಮೇಲೆ ತಟ್ಟೆ ಇಟ್ಟು, ಅರಿಸಿನದ ನೀರು ಬಿಟ್ಟು, ಒನಕೆಯನ್ನು ಹಗುರವಾಗಿ ಊರಿ ಕೈ ತೆಗೆದರು. ನಿಂತಿತು. ಕಂಬದ ಹಾಗೆ ನಿಂತಿತು.

"ಇಡೀತು ಕಣಪ್ಪಾ," ಎಂದು ಕೈ ಮುಗಿದು, ಸೂರ್ಯನಿರಬೇಕಾದ ದಿಕ್ಕಿಗೆ ಬೆನ್ನು ಹಾಕಿ, ತಲೆ ತುಂಬ ಸೆರಗು ಹೊದ್ದು ಕೂತರು.

ನಮ್ಮ ಮನೆಯವರ ಮುಖ ನೋಡುವಂತಿರಲಿಲ್ಲ. ಅವರ ಇಪ್ಪತ್ತೆಂಟು ವರ್ಷದ ಸರ್ವಿಸು ಆ ಒನಕೆಯ ಮುಂದೆ ಕೈಕಟ್ಟಿ ನಿಂತ ಹಾಗಿತ್ತು. "ಇದು ಕೈಚಳಕ. ಗುರುತ್ವ ಕೇಂದ್ರ. ಇನ್ನೇನೂ ಅಲ್ಲ," ಎಂದು ತಾವೇ ಒನಕೆ ಎತ್ತಿ ಮತ್ತೆ ಊರಿದರು. ಬಿತ್ತು. ಚಿಕ್ಕತಾಯಮ್ಮ ತಿರುಗಿಯೂ ನೋಡದೆ, "ಮುಟ್ಟಬ್ಯಾಡಿ ಅಂದ್ರೆ ಕೇಳಾಕಿಲ್ಲ," ಎನ್ನುತ್ತ ಒಂದೇ ಸಲಕ್ಕೆ ಮತ್ತೆ ನಿಲ್ಲಿಸಿದರು. "ಬುಡಿ ಮೇಷ್ಟ್ರೇ ಅತ್ಲಾಗೆ, ಸೋತ್ರಿ ಅಂತ ಒಪ್ಕಬುಡಿ," ಎಂದು ನಂಜೇಗೌಡರು ನಗತೊಡಗಿದರು. ಸೋಲುವುದನ್ನು ಒಪ್ಪಿಕೊಳ್ಳುವ ಗುಣ ನಮ್ಮ ಮನೆಯವರಿಗೆ ಜಾತಕದಲ್ಲೇ ಇಲ್ಲ. ಅವರು ಗಡಿಯಾರ ನೋಡಿ ಹೊಸ ಪ್ರಯೋಗ ಹೂಡಿದರು. ಗ್ರಹಣ ಬಿಡುವುದು ಹನ್ನೊಂದರ ಮೇಲೆ. ಅಷ್ಟರೊಳಗೆ ಒನಕೆ ತಾನಾಗಿ ಬಿದ್ದರೆ ಚಿಕ್ಕತಾಯಮ್ಮನ ಮಾತು ಸುಳ್ಳು. ಬೀಳದಿದ್ದರೆ ಮುಂದಿನ ಮಾತು. ಆದರೆ ಯಾರಾದರೂ ಕಣ್ಣು ಕೀಳದೆ ಅದನ್ನೇ ನೋಡುತ್ತಿರಬೇಕು, ಯಾರೂ ಮುಟ್ಟಬಾರದು.

ಎಲ್ಲರೂ ನನ್ನ ಕಡೆ ನೋಡಿದರು.

"ರೀ, ನಾನು ಬಂದಿರೋದು ಬಳೆ ನೋಡಕ್ಕೆ," ಎಂದೆ.

"ಬಳೆ ಒಂಬತ್ತೂವರೆ ಹೊತ್ತಿಗೆ. ಬಂದ ತಕ್ಷಣ ಕೂಗ್ತೀನಿ, ನೀನು ಓಡಿ ಬಾ, ಆಗ ನಂಜೇಗೌಡ ನೋಡ್ಕೋತಾನೆ. ನಿನ್ನಷ್ಟು ತಾಳ್ಮೆ ಯಾರಿಗಿದೆ ಹೇಳು?"

ತಾಳ್ಮೆಯವಳೆಂದು ಹೊಗಳಿದವರನ್ನು ನಂಬಬಾರದು. ಹಾಲುಕ್ಕದಂತೆ ನೋಡಿಕೋ, ಗ್ಯಾಸಿನವನು ಬರುತ್ತಾನೆ ಕಾದಿರು, ಹಪ್ಪಳಕ್ಕೆ ಕಾಗೆ ಬಂದೀತು ಕೂತಿರು, ಇವೆಲ್ಲ ಆ ಹೊಗಳಿಕೆಯ ಬಾಲದಲ್ಲೇ ಬರುತ್ತವೆ. ಇಷ್ಟು ಗೊತ್ತಿದ್ದೂ ಹೋಗಿ ಹಾಸುಬಂಡೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ.

ಒಂಬತ್ತರ ಹೊತ್ತಿಗೆ ಮಂಜು ಹರಿಯಿತು. "ಕಾಣ್ತು! ಕಾಣ್ತು!" ಎಂದು ಬಯಲಿನಿಂದ ಕೂಗು. ಸೂರ್ಯನನ್ನು ಯಾರೋ ರೊಟ್ಟಿ ಮುರಿದ ಹಾಗೆ ಮುರಿದಿದ್ದಾರಂತೆ. ರಾಜಪ್ಪನೂ ಕನ್ನಡಕ ಹಾಕಿಕೊಂಡು, "ಅಯ್ಯೋ, ಅರ್ಧ ತಿಂದಾಕೈತಲ್ಲ ಸಾ," ಎನ್ನುತ್ತಿದ್ದ. ನಾನು ಒನಕೆ ನೋಡುತ್ತಿದ್ದೆ. ಒನಕೆಯ ಮೇಲೆ ಹದಿನೇಳು ಗೀರುಗಳಿದ್ದವು, ಕಬ್ಬಿಣದ ಬಳೆಯ ಹತ್ತಿರ ಸಣ್ಣ ಬಿರುಕು. ಬಂಡೆಯ ಮೇಲೆ ಉಗುರು ಕತ್ತರಿಸಿ ಚೆಲ್ಲಿದ ಹಾಗೆ ಬಿಸಿಲ ಚೂರುಗಳು ಬಿದ್ದಿದ್ದವು; ಹುಣಸೆ ಎಲೆಯ ನೆರಳೇ ಹಾಗೆ ಎಂದುಕೊಂಡೆ. ಬಿಸಿಲು ಬರಬರುತ್ತ ಸಪ್ಪೆಯಾಯಿತು. ಹಕ್ಕಿಗಳು ಸುಮ್ಮನಾದವು. ಚಳಿ ಹೊಸದಾಗಿ ಹುಟ್ಟಿದ ಹಾಗೆ ಒಂದು ಗಾಳಿ ಬೀಸಿತು.

"ಲೇ, ಬಂತು ಬಾ! ಬಳೆ! ಬಳೆ!"

ನಾನು ಏಳಬೇಕು, ಅಷ್ಟರಲ್ಲಿ ಒನಕೆ ಗಾಳಿಗೆ ಒಂದಿಷ್ಟು ವಾಲಿತು. ನನ್ನ ಎರಡೂ ಕೈಗಳು ನನ್ನನ್ನು ಕೇಳದೆ ಹೋಗಿ ಅದನ್ನು ಹಿಡಿದುಕೊಂಡವು. ಬೀಳುತ್ತಿರುವುದನ್ನು ನೋಡಿಯೂ ಸುಮ್ಮನಿರುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ.

"ಇಡ್ಕೋ ಕಣವ್ವಾ, ಬುಡಬ್ಯಾಡ! ಕಚ್ಕಂಡಿರೋವಾಗ ಬಿದ್ರೆ ಕೇಡು!" ಎಂದು ಚಿಕ್ಕತಾಯಮ್ಮ ಕೂಗಿದರು.

"ಹಿಡ್ಕೋಬೇಡ! ಕೈ ಬಿಡು! ಬಿದ್ರೆ ಬೀಳಲಿ, ಅದೇ ಸಾಕ್ಷಿ!" ಎಂದು ಬಯಲಿನಿಂದ ನಮ್ಮ ಮನೆಯವರು.

ಬಿಟ್ಟರೆ ಕೇಡು, ಹಿಡಿದರೆ ವಿಜ್ಞಾನ ಹಾಳು. ಇಪ್ಪತ್ತು ಹೆಜ್ಜೆ ಆಚೆ ಹೋದರೆ ನಾನು ಜೀವಮಾನವೆಲ್ಲ ಕಾದ ಬಳೆ, ಅದೂ ಎರಡೇ ನಿಮಿಷದ್ದು. ನಾನೋ ಒನಕೆ ತಬ್ಬಿಕೊಂಡು ನಿಂತಿದ್ದೆ. ಅಳು ಬಂದ ಹಾಗಾಯಿತು. ಅಳು ಕಾಣಬಾರದೆಂದು ತಲೆ ತಗ್ಗಿಸಿದೆ.

ತಗ್ಗಿಸಿದರೆ, ನನ್ನ ಕೈ ತುಂಬ ಬಳೆ.

ಮೊಣಕೈತನಕ ಬೆಳಕಿನ ಬಳೆಗಳು. ಒನಕೆಯ ಮೇಲೆ, ಸೀರೆಯ ಮೇಲೆ, ಇಡೀ ಹಾಸುಬಂಡೆಯ ಮೇಲೆ, ಒಂದರ ಮೇಲೊಂದು ಬಿದ್ದು ನಡುಗುವ ಸಣ್ಣ ಸಣ್ಣ ಬಳೆಗಳು. ಬಳೆಗಾರ ಮಲಾರವನ್ನೇ ಕವುಚಿ ಹಾಕಿದ ಹಾಗೆ. ಹುಣಸೆ ಎಲೆಗಳ ಒಂದೊಂದು ಸಂದಿಯೂ ಒಂದೊಂದು ಸೂರ್ಯನನ್ನು ಇಳಿಸುತ್ತಿತ್ತು. ಅಷ್ಟರಲ್ಲಿ ನನ್ನ ಕೈಯಿಂದ ಒನಕೆ ಬಿಡಿಸಲೆಂದು ನಮ್ಮ ಮನೆಯವರು ಓಡಿ ಬಂದು ಮರದ ಕೆಳಗೆ ನಿಂತರು. ಅವರ ಬೋಳುತಲೆಯ ಮೇಲೆ ಅಚ್ಚುಕಟ್ಟಾಗಿ ನಾಲ್ಕು ಬಳೆ. ಕೂಗಲು ಬಾಯಿ ತೆರೆದವರು ಹಾಗೇ ನೆಲ ನೋಡುತ್ತ ನಿಂತರು. ಗ್ರಹಣ ಕಣ್ಣಿಗೆ ಬೀಳಬಾರದೆಂದು ಬೆನ್ನು ಹಾಕಿ ಕೂತಿದ್ದ ಚಿಕ್ಕತಾಯಮ್ಮನ ಮಡಿಲಲ್ಲೂ ಹತ್ತಾರು ಬಿದ್ದಿದ್ದವು. "ಅಯ್ಯಯ್ಯೋ, ಮೈಮ್ಯಾಲೆಲ್ಲಾ ಬಿದ್ದೈತಲ್ಲವ್ವಾ!" ಎಂದು ಸೆರಗಿನಿಂದ ಕೊಡವಿಕೊಂಡರು. ಬಳೆಗಳು ಸೆರಗಿನ ಮೇಲೆ ಹತ್ತಿ ಕೂತವು. ಮತ್ತೆ ಕೊಡವಿದರು. ಆಮೇಲೆ ಕೈ ನಿಂತಿತು. ಅಂಗೈಯನ್ನು ಮೆಲ್ಲಗೆ ಚಾಚಿ ಒಂದನ್ನು ಹಿಡಿದು, "ಚಂದಾಗೈತೆ ಕಣವ್ವ," ಎಂದರು.

ನಾನು ನಕ್ಕೆ. ಯಾವಾಗ ಕೈ ಬಿಟ್ಟೆನೋ ತಿಳಿಯದು. ಎರಡೂ ಕೈ ಚಾಚಿಕೊಂಡು, ಅತ್ತಿತ್ತ ತಿರುಗಿಸಿಕೊಂಡು, ಮದುಮಗಳ ಹಾಗೆ ನೋಡಿಕೊಳ್ಳುತ್ತಿದ್ದೆ. ಬಳೆಗಳು ಒಂದು ಕಡೆ ತುಂಡಾದವು, ಉಗುರುಗಳಾದವು. ನಂಜೇಗೌಡರು ಕನ್ನಡಕ ತಂದುಕೊಟ್ಟಾಗ ಆಕಾಶದಲ್ಲಿ ಉಳಿದದ್ದು ಒಂದು ಕುಡುಗೋಲು ಮಾತ್ರ. ನನಗೆ ಬೇಸರವೇನೂ ಆಗಲಿಲ್ಲ. ಅವರಿಗೆಲ್ಲ ಸಿಕ್ಕಿದ್ದು ಒಂದೇ ಒಂದು.

ಒನಕೆ ಎಲ್ಲರಿಗೂ ಮರೆತೇ ಹೋಗಿತ್ತು. ಹನ್ನೊಂದು ದಾಟಿ ಗ್ರಹಣ ಬಿಟ್ಟ ಮೇಲೆ ನೋಡಿದರೆ ಅದು ತಟ್ಟೆಯ ಪಕ್ಕದಲ್ಲಿ ಉದ್ದಕ್ಕೆ ಮಲಗಿತ್ತು.

"ಯಾವಾಗ ಬಿತ್ತು?" ಎಂದರು ನಮ್ಮ ಮನೆಯವರು.

"ಯಾವಾಗ ಬಿತ್ತವ್ವಾ?" ಎಂದರು ಚಿಕ್ಕತಾಯಮ್ಮ.

ಬಳೆಯಿದ್ದಾಗಲೇ ಬಿತ್ತೋ, ಗ್ರಹಣ ಬಿಟ್ಟಾಗ ಬಿತ್ತೋ, ನಾನೇ ಬೀಳಿಸಿದೆನೋ? ಹಾಲಿನವನು ಎಷ್ಟು ಗಂಟೆಗೆ ಬಂದ, ಯಾವ ಡಬ್ಬದಲ್ಲಿ ಎಷ್ಟು ಸಾಸಿವೆ ಉಳಿದಿದೆ ಎಂಬುದೆಲ್ಲ ನಾಲಿಗೆಯ ತುದಿಯಲ್ಲಿರುವ ನನಗೆ, ಕಣ್ಣೆದುರು ಬಿದ್ದ ಒನಕೆಯ ಸದ್ದೂ ಕೇಳಿರಲಿಲ್ಲ. ಗೊತ್ತಿಲ್ಲವೆಂದಿದ್ದರೆ ಮುಗಿಯುತ್ತಿತ್ತು. ಆದರೆ ಚಿಕ್ಕತಾಯಮ್ಮ ಹಸಿದ ಹೊಟ್ಟೆಯಲ್ಲಿದ್ದರು. ಜೀಪು ಹತ್ತುವಾಗ ಅವರ ಕಿವಿಯಲ್ಲಿ, "ಗ್ರಹಣ ಬಿಟ್ಟ ಗಳಿಗೆಗೇ ಬಿತ್ತು ಕಣಮ್ಮ," ಎಂದೆ. ಮನೆಗೆ ಬಂದ ಮೇಲೆ, ಬೇಕೆಂದೇ ಎತ್ತಿಟ್ಟು ತಣ್ಣಗಾದ ಉಪ್ಪಿಟ್ಟನ್ನು ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದ್ದ ನಮ್ಮ ಮನೆಯವರಿಗೆ, "ಗ್ರಹಣದ ನಡುವೆಯೇ ಬಿತ್ತು ಕಣ್ರೀ," ಎಂದೆ. ಇಬ್ಬರೂ ತೃಪ್ತಿಯಿಂದ ನಿದ್ದೆ ಮಾಡಿದರು.

ಅಲ್ಲಿಗೆ ನಿಂತಿತೆಂದುಕೊಂಡಿದ್ದೆ. ಆದರೆ ನಮ್ಮ ಮನೆಯವರು ಈಗಲೂ ಗ್ರಹಣದ ಪಾಠ ಬಂದಾಗಲೆಲ್ಲ, "ನನ್ನ ಹೆಂಡತಿ ಕಣ್ಣಾರೆ ಕಂಡಂತೆ," ಎಂದೇ ಶುರು ಮಾಡುತ್ತಾರಂತೆ. ಭೇರ್ಯದಲ್ಲಿ ಚಿಕ್ಕತಾಯಮ್ಮ, "ಮೇಷ್ಟ್ರ ಎಂಡ್ರೇ ಯೋಳವ್ರೆ, ಇನ್ಯಾರ್ನ ಕೇಳೀರಿ?" ಎನ್ನುತ್ತಾರಂತೆ. ಬರುವ ವಾರ ಕೆ.ಆರ್. ನಗರದಲ್ಲಿ ನಂಜೇಗೌಡರ ಮಗಳ ಮದುವೆ. ಚಿಕ್ಕತಾಯಮ್ಮ ಎರಡು ದಿನ ಮುಂಚೆಯೇ ಬಂದಿರುತ್ತಾರೆ. ನಮ್ಮ ಮನೆಯವರು ಅಂಗಿ ಇಸ್ತ್ರಿ ಮಾಡಿಸಿಟ್ಟು, "ಆ ಅಜ್ಜಿ ಹತ್ರ ಈ ಸಲ ಮಾತಾಡಲೇಬೇಕು," ಎನ್ನುತ್ತಿದ್ದಾರೆ. ನನಗೆ ನಿನ್ನೆಯಿಂದ ಸಣ್ಣಗೆ ಜ್ವರ ಬಂದ ಹಾಗಿದೆ.